ಆಟವನ್ನು ಮುಗಿಸಲೇಬೇಕೆ?

ಊಟಕ್ಕೆ ಕುಳಿತವನು ಎಲೆಗೆ ಬಡಿಸಿದ್ದನ್ನೆಲ್ಲ ಮುಗಿಸಿ ಏಳಬೇಕೆಂಬುದು ನಮ್ಮ ಮನೆಗಳಲ್ಲಿ ಚಿಕ್ಕಂದಿನಿಂದಲೂ ಹೇಳಿಕೊಡುವ ಪಾಠ. ಹಿಡಿದ ಕೆಲಸವನ್ನು ಕೊನೆಮುಟ್ಟಿಸಬೇಕು, ಓದಲು ತೆಗೆದ ಪುಸ್ತಕವನ್ನು ನಡುವೆ ಮಡಿಚಿಡಬಾರದು ಎಂಬ ಮಾತುಗಳೂ ಆ ಪಾಠದ ಮುಂದುವರಿದ ಭಾಗಗಳೇ. ಈ ನಿಯಮ ಆಟಕ್ಕೂ ಸಲ್ಲುತ್ತದೆಯೆ? ಅದರಲ್ಲಿಯೂ, ನಮ್ಮ ವಯಸ್ಸಿನವರಲ್ಲಿ ಬಹುಮಂದಿ ಆಡಿರುವ ವಿಡಿಯೋ ಆಟಗಳಿಗೆ ಸಲ್ಲುತ್ತದೆಯೆ? ಆಟವನ್ನು ಕೊನೆಯವರೆಗೆ ಆಡದವನು ಅದರ ಸುಖವನ್ನು ಪಡೆದನೆಂದು ಹೇಳಬಹುದೆ? ಈ ಲೇಖನದಲ್ಲಿ ನಾನು ವಿಚಾರ ಮಾಡಹೊರಟಿರುವುದು ಇಷ್ಟನ್ನೇ. ವಿಷಯ ಹಗುರವಾದುದೆಂದು ಕೆಲವರಿಗೆ ತೋರಬಹುದು. ನನಗೆ ಹಾಗೆ ತೋರದಿರುವುದಕ್ಕೆ ಕಾರಣವುಂಟು. ಅದನ್ನು ಮೊದಲು ಹೇಳಿಬಿಡುತ್ತೇನೆ.

೧. ಪ್ರಶ್ನೆ ಹುಟ್ಟಿದ ಬಗೆ

ನಾನು ಮೂರನೆಯ ತರಗತಿಯಲ್ಲಿದ್ದಾಗ ನನ್ನ ಅಣ್ಣ ನಮ್ಮೂರ ಜಾತ್ರೆಯಲ್ಲಿ, ಟಿ.ವಿ.ಗೆ ಸಿಕ್ಕಿಸಿ ಆಡುವ ಒಂದು ಅಗ್ಗದ ಆಟದ ಪೆಟ್ಟಿಗೆಯನ್ನು ಕೊಂಡು ತಂದನು. ಅದರ ಜೊತೆಗೆ ಹಳದಿ ಬಣ್ಣದ ಒಂದು ‘ಕ್ಯಾಸೆಟ್ಟು’. ಅದರಲ್ಲಿ ಸಾವಿರಾರು ಆಟಗಳಿವೆಯೆಂದು ಮೇಲೆ ಅಚ್ಚಾಗಿತ್ತು. ಎಣಿಸಿ ನೋಡಿದರೆ ಹತ್ತಿಪ್ಪತ್ತು ಆಟಗಳೇ ಬೇರೆ ಬೇರೆ ಹೆಸರಿನಲ್ಲಿ ಮರಳಿ ಮರಳಿ ಬರುತ್ತಿದ್ದುವು. ಅವುಗಳಲ್ಲಿ ನಮ್ಮಿಬ್ಬರನ್ನೂ ಹಿಡಿದು ಕೂರಿಸಿದ್ದು ‘ಸೂಪರ್ ಮಾರಿಯೋ ಬ್ರದರ್ಸ್’. ನಮ್ಮಲ್ಲಿ ಒಂದು ಒಪ್ಪಂದವಿತ್ತು: ನೆಗೆಯುವ ಕಡೆ ಅಣ್ಣ ಆಡಬೇಕು, ನೀರಿನಲ್ಲಿ ಈಜುವ ಕಡೆ ನಾನು ಆಡಬೇಕು. ಆಟದಲ್ಲಿ ಮುಂದಿನ ಲೋಕಗಳಿಗೆ ಹಾರಿಹೋಗಲು ಗುಪ್ತವಾದ ಒಳದಾರಿಗಳಿರುವುದು ಅಣ್ಣನಿಗೆ ಗೊತ್ತಿತ್ತು. ಆದರೆ “ಕಳ್ಳದಾರಿ ಬೇಡ ಕಣೋ” ಎಂದು ಅವನು ಒಂದು ದಿನವೂ ಅದನ್ನು ಹಿಡಿಯಲಿಲ್ಲ.

ಆ ಪೆಟ್ಟಿಗೆಗೆ ನೆನಪೆಂಬುದಿರಲಿಲ್ಲ. ಆರಿಸಿದರೆ ಮತ್ತೆ ಮೊದಲಿನಿಂದಲೇ ಆರಂಭ. ಆದುದರಿಂದ ರಾತ್ರಿ ಆಟವನ್ನು ತಡೆದು ನಿಲ್ಲಿಸಿ, ಟಿ.ವಿ.ಯನ್ನು ಮಾತ್ರ ಆರಿಸಿ, ಪೆಟ್ಟಿಗೆಯನ್ನು ಹಾಗೆಯೇ ಬಿಟ್ಟು ಮಲಗುತ್ತಿದ್ದೆವು. ಬೆಳಗಾಗುವುದರೊಳಗೆ ಕರೆಂಟು ಹೋಗದಿದ್ದರೆ ನಮ್ಮ ಪುಣ್ಯ. ಹೀಗೆ ಒಂದೊಂದೇ ಹಂತವನ್ನು ದಾಟಿ ಎರಡು ಸಲ ಎಂಟನೆಯ ಲೋಕದ ಕೊನೆಯ ಕೋಟೆಯ ಒಳಗೆ ಕಾಲಿಟ್ಟೆವು. ಆ ಕೋಟೆ ಒಂದು ಚಕ್ರವ್ಯೂಹ. ತಪ್ಪು ಕೊಳವೆಯನ್ನು ಹೊಕ್ಕವನು ಹಿಂದಕ್ಕೇ ಬಂದು ಬೀಳುತ್ತಾನೆ. ಎರಡು ಸಲವೂ ದಾರಿ ಸಿಗದೆ ಕಾಲ ಮುಗಿದುಹೋಯಿತು. ಅಷ್ಟರಲ್ಲಿ ಅಣ್ಣನ ಡಿಪ್ಲೊಮಾ ಮುಗಿದು ಬೆಂಗಳೂರಿನ ಪೀಣ್ಯದಲ್ಲಿ ಕೆಲಸ ಸಿಕ್ಕಿತು. ಪೆಟ್ಟಿಗೆ ಅಟ್ಟವನ್ನು ಸೇರಿತು.

ನನ್ನ ಬಾಳಿನಲ್ಲಿ ಅರ್ಧಕ್ಕೆ ನಿಂತದ್ದು ಇದೊಂದೇ ಅಲ್ಲ. ತಬಲ ಕಲಿಯಲು ಹೋಗಿ ಎಂಟು ತಿಂಗಳಿಗೆ ಬಿಟ್ಟೆ. ಪಿ.ಯು.ಸಿ.ಯಲ್ಲಿ ವಿಜ್ಞಾನ ತೆಗೆದುಕೊಂಡು ಒಂದು ವರ್ಷದ ತರುವಾಯ ಕಲಾ ವಿಭಾಗಕ್ಕೆ ಬಂದೆ. “ನೀನು ಯಾವುದನ್ನೂ ಮುಗಿಸುವವನಲ್ಲ, ಆಟವನ್ನು ಕೂಡ” ಎಂದು ಅಪ್ಪ ಒಮ್ಮೆ ಆಡಿದ ಮಾತು ನನ್ನಲ್ಲಿ ಮುಳ್ಳಿನಂತೆ ಉಳಿದುಕೊಂಡಿತು. ಕಳೆದ ಬೇಸಗೆಯ ರಜೆಯಲ್ಲಿ ಆ ಆಟವನ್ನೇ ಮೊಬೈಲಿನಲ್ಲಿ ಹಾಕಿಕೊಂಡು, ಬೇಕಾದಲ್ಲಿ ಗುರುತಿಟ್ಟು ನಿಲ್ಲಿಸುವ ಅನುಕೂಲವನ್ನು ಬಳಸಿ, ಅಣ್ಣ ಒಲ್ಲದ ಒಳದಾರಿಗಳನ್ನೇ ಹಿಡಿದು ಎರಡು ಸಂಜೆಗಳಲ್ಲಿ ಮುಗಿಸಿಬಿಟ್ಟೆ. ಕೊನೆಯಲ್ಲಿ ರಾಜಕುಮಾರಿ ನಿಂತಿದ್ದಳು. ವಂದನೆ ಹೇಳಿ, ಇನ್ನೊಂದು ಹೊಸ ಸಾಹಸವನ್ನು ಮುಂದಿಟ್ಟಳು, ಅಷ್ಟೆ. ಅಣ್ಣನಿಗೆ ಫೋನು ಮಾಡಿ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಒಬ್ಬನೇ ಮುಗಿಸಿಬಿಟ್ಟೆಯೇನೋ?” ಎಂದು ಕೇಳಿದ. ಮುಗಿಸಿದುದರ ಸಂತೋಷ ಅಲ್ಲಿಗೆ ಇಳಿದುಹೋಯಿತು. ಹಾಗಾದರೆ ನಾನು ಮುಗಿಸಿದ್ದಾದರೂ ಏನನ್ನು? ಈ ವಿಚಾರ ಹೊರಟದ್ದು ಅಲ್ಲಿಂದ.

೨. ಕೊನೆಯೇ ಇಲ್ಲದ ಆಟಗಳು

ವಿಡಿಯೋ ಆಟಗಳ ಚರಿತ್ರೆಯನ್ನು ನೋಡಿದರೆ, ‘ಮುಗಿಸುವುದು’ ಎಂಬ ಕಲ್ಪನೆ ಮೊದಲಿನಿಂದಲೂ ಎಲ್ಲ ಆಟಗಳಿಗೂ ಅಂಟಿಕೊಂಡು ಬಂದುದಲ್ಲವೆಂಬುದು ತಿಳಿಯುತ್ತದೆ. ೧೯೭೮ರಲ್ಲಿ ಜಪಾನಿನ ತೊಮೊಹಿರೊ ನಿಶಿಕಾದೊ ರಚಿಸಿದ ‘ಸ್ಪೇಸ್ ಇನ್‌ವೇಡರ್ಸ್’ ಆಟದಲ್ಲಿ ೧೧ ಜನರ ೫ ಸಾಲುಗಳಲ್ಲಿ ೫೫ ಆಕಾಶವೈರಿಗಳು ಇಳಿದುಬರುತ್ತಾರೆ. ಎಲ್ಲರನ್ನೂ ಹೊಡೆದುರುಳಿಸಿದರೆ ಮತ್ತೊಂದು ದಂಡು ಬರುತ್ತದೆ. ಅದನ್ನೂ ಗೆದ್ದರೆ ಇನ್ನೊಂದು. ಆಟಗಾರನ ಸೋಲಿನ ಹೊರತು ಆಟಕ್ಕೆ ಬೇರೆ ಕೊನೆಯಿಲ್ಲ. ಎಷ್ಟು ಹೊತ್ತು ನಿಂತೆ, ಎಷ್ಟು ಅಂಕ ಗಳಿಸಿದೆ ಎಂಬುದೇ ಅಲ್ಲಿಯ ಲೆಕ್ಕ.

೧೯೮೦ರ ‘ಪ್ಯಾಕ್-ಮ್ಯಾನ್’ ಆಟವೂ ಹೀಗೆಯೇ. ಅದನ್ನು ಕಲ್ಪಿಸಿದ ತೊರು ಇವಾತಾನಿಯವರು ಅದಕ್ಕೆ ಕೊನೆಯನ್ನು ಇಟ್ಟಿರಲಿಲ್ಲ. ಆದರೆ ಯಂತ್ರವು ತಾನಾಗಿಯೇ ಒಂದು ಕೊನೆಯನ್ನು ತಂದಿಟ್ಟಿತು. ಹಂತಗಳನ್ನೆಣಿಸಲು ಯಂತ್ರದಲ್ಲಿ ಮೀಸಲಾಗಿದ್ದ ಜಾಗದಲ್ಲಿ ೨೫೫ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸುತ್ತಿರಲಿಲ್ಲ. ಆದುದರಿಂದ ೨೫೬ನೆಯ ಹಂತದಲ್ಲಿ ಲೆಕ್ಕ ತಪ್ಪಿ, ಪರದೆಯ ಬಲಭಾಗವೆಲ್ಲ ಅರ್ಥವಿಲ್ಲದ ಅಕ್ಷರಗಳಿಂದಲೂ ಚಿತ್ರದ ಚೂರುಗಳಿಂದಲೂ ತುಂಬಿಹೋಗುತ್ತದೆ. ಹಂತವನ್ನು ದಾಟಲು ಬೇಕಾದಷ್ಟು ಚುಕ್ಕಿಗಳೇ ಅಲ್ಲಿ ಸಿಕ್ಕುವುದಿಲ್ಲ. ಅಲ್ಲಿಯವರೆಗೆ ಹೋದ ಮಹಾಪರಿಣತನಿಗೆ ದೊರೆಯುವ ‘ಕೊನೆ’ ಅದೇ.

‘ಟೆಟ್ರಿಸ್’ ಆಟದ ಕಥೆ ಇದಕ್ಕಿಂತ ಸ್ವಾರಸ್ಯವಾದುದು. ೧೯೮೪ರಲ್ಲಿ ಮಾಸ್ಕೋ ನಗರದಲ್ಲಿ ಅಲೆಕ್ಸಿ ಪಾಜಿತ್ನೋವ್ ಎಂಬ ವಿಜ್ಞಾನಿ ಅದನ್ನು ಸೃಷ್ಟಿಸಿದರು. ನಾಲ್ಕು ನಾಲ್ಕು ಚೌಕಗಳಿಂದಾದ ಏಳು ಬಗೆಯ ತುಂಡುಗಳು ಮೇಲಿನಿಂದ ಬೀಳುತ್ತವೆ. ಅವುಗಳನ್ನು ಹೊಂದಿಸಿ ಸಾಲು ತುಂಬಿಸಿದರೆ ಆ ಸಾಲು ಮಾಯವಾಗುತ್ತದೆ. ಚೆನ್ನಾಗಿ ಮಾಡಿದುದೆಲ್ಲ ಅಳಿಸಿಹೋಗಿ, ಮಾಡಿದ ತಪ್ಪುಗಳು ಮಾತ್ರ ಕಣ್ಣ ಮುಂದೆ ಉಳಿಯುವ ವಿಚಿತ್ರವಾದ ಆಟವಿದು. ಇದರ ೧೯೮೯ರ ನಿಂಟೆಂಡೊ ಆವೃತ್ತಿಯನ್ನು ಆಡುತ್ತ ೨೦೨೩ರ ಡಿಸೆಂಬರಿನಲ್ಲಿ ಅಮೆರಿಕದ ೧೩ ವರ್ಷದ ಹುಡುಗನೊಬ್ಬ ೧೫೭ನೆಯ ಹಂತವನ್ನು ಮುಟ್ಟಿದಾಗ ಯಂತ್ರವೇ ನಿಂತುಹೋಯಿತು. ಆಟ ಬಂದು ೩೪ ವರ್ಷಗಳ ತರುವಾಯ ಅದನ್ನು ಒಬ್ಬನು ‘ಮುಗಿಸಿದ’ನೆಂದು ಜಗತ್ತು ಬೆರಗಾಯಿತು. ಹಾಗಾದರೆ ಆ ೩೪ ವರ್ಷಗಳ ಕಾಲ ಟೆಟ್ರಿಸ್ ಆಡಿದ ಲಕ್ಷಾಂತರ ಜನರಿಗೆ ಸುಖ ಅರ್ಧವಾಯಿತೆಂದು ಯಾರಾದರೂ ಹೇಳಿಯಾರೆ? ಇಂಥ ಆಟಗಳ ವಿಚಾರದಲ್ಲಿ ನಮ್ಮ ಪ್ರಶ್ನೆಯೇ ಏಳುವುದಿಲ್ಲ.

೩. ಕೊನೆಯುಳ್ಳ ಆಟಗಳು

ಆದರೆ ಎಲ್ಲ ಆಟಗಳೂ ಹೀಗಿಲ್ಲ. ಹೊರಡುವ ಸ್ಥಳ, ಸೇರುವ ಸ್ಥಳ ಎರಡನ್ನೂ ಗೊತ್ತುಮಾಡಿಕೊಂಡ ಆಟಗಳು ಬೇಕಾದಷ್ಟಿವೆ. ೧೯೮೫ರಲ್ಲಿ ಶಿಗೆರು ಮಿಯಾಮೊತೊ ಮತ್ತು ತಕಾಶಿ ತೆಜುಕಾ ಅವರು ನಿಂಟೆಂಡೊ ಸಂಸ್ಥೆಗಾಗಿ ರಚಿಸಿದ ನಮ್ಮ ಮಾರಿಯೋ ಆಟವೇ ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ೮ ಲೋಕಗಳು; ಲೋಕವೊಂದಕ್ಕೆ ೪ರಂತೆ ಒಟ್ಟು ೩೨ ಹಂತಗಳು. ಮೊದಲ ಏಳು ಲೋಕಗಳ ಕೋಟೆಗಳಲ್ಲಿಯೂ ರಾಜಕುಮಾರಿ ಸಿಕ್ಕುವುದಿಲ್ಲ. ಆಕೆ ಬೇರೊಂದು ಕೋಟೆಯಲ್ಲಿದ್ದಾಳೆಂಬ ಉತ್ತರ ಮಾತ್ರ ಏಳು ಸಲ ಸಿಕ್ಕುತ್ತದೆ.

ಈಗ ನನ್ನ ಲೆಕ್ಕವನ್ನು ನೋಡಿರಿ. ಮೊದಲ ಲೋಕದ ಎರಡನೆಯ ಹಂತದಲ್ಲಿ ಒಂದು ಒಳದಾರಿಯಿದೆ. ಅದನ್ನು ಹಿಡಿದವನು ನಾಲ್ಕನೆಯ ಲೋಕಕ್ಕೆ ನೆಗೆಯಬಹುದು. ಅಲ್ಲಿಯ ಎರಡನೆಯ ಹಂತದಲ್ಲಿ ಇನ್ನೊಂದು ಒಳದಾರಿಯಿದೆ. ಅದರಿಂದ ಎಂಟನೆಯ ಲೋಕಕ್ಕೇ ಹೋಗಬಹುದು. ಹೀಗೆ ಮಾಡಿದರೆ ೩೨ ಹಂತಗಳಲ್ಲಿ ೮ನ್ನು ಮಾತ್ರ ಆಡಿ ಆಟವನ್ನು ಮುಗಿಸಬಹುದು. ವೇಗವನ್ನೇ ವ್ರತವಾಗಿ ಹಿಡಿದ ಆಟಗಾರರು ಈ ಮಾರ್ಗದಲ್ಲಿ ೫ ನಿಮಿಷಕ್ಕೂ ಕಡಮೆ ಅವಧಿಯಲ್ಲಿ ಮುಗಿಸಿರುವುದುಂಟು. ಅಣ್ಣನೂ ನಾನೂ ೩೧ ಹಂತಗಳನ್ನು ದಾಟಿ ಕೊನೆಯದರಲ್ಲಿ ಸೋತೆವು. ಆದುದರಿಂದ ಆಟವನ್ನು ಮುಗಿಸದವರು. ಮೊಬೈಲಿನಲ್ಲಿ ಆಡಿದ ನಾನು ೮ ಹಂತಗಳನ್ನು ಕಂಡೆ, ಆದುದರಿಂದ ಮುಗಿಸಿದವನು. ಮುಕ್ಕಾಲು ಆಟವನ್ನು ಕಣ್ಣಿಂದಲೂ ನೋಡದವನಿಗೆ ‘ಮುಗಿಸಿದವನು’ ಎಂಬ ಬಿರುದು, ಒಂದನ್ನುಳಿದು ಎಲ್ಲವನ್ನೂ ಕಂಡವರಿಗೆ ‘ಅರ್ಧಕ್ಕೆ ಬಿಟ್ಟವರು’ ಎಂಬ ಹೆಸರು! ಸುಖವನ್ನು ಅಳೆಯಲು ‘ಮುಗಿಸುವುದು’ ಸರಿಯಾದ ಕೋಲಲ್ಲವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ನನಗೆ ಬೇಕಾಗಿಲ್ಲ.

೪. ಯತ್ನ ಮತ್ತು ಫಲ

ಹಾಗೆಂದು ಗುರಿಯೇ ಬೇಡವೆನ್ನಬಹುದೆ? ಇಲ್ಲ. ಆಟವೆಂದರೇನೆಂಬುದನ್ನು ಬರ್ನಾರ್ಡ್ ಸೂಟ್ಸ್ ಎಂಬ ತತ್ತ್ವಜ್ಞಾನಿ ೧೯೭೮ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ಬೇಕಿಲ್ಲದ ಅಡ್ಡಿಗಳನ್ನು ತಾನಾಗಿಯೇ ಮೈಮೇಲೆ ಎಳೆದುಕೊಂಡು ಅವುಗಳನ್ನು ದಾಟಲು ಹೆಣಗುವುದೇ ಆಟ ಎಂಬುದು ಅವರ ವಾದದ ಸಾರ. ನಮ್ಮ ಕುಂಟಬಿಲ್ಲೆಯನ್ನೇ ತೆಗೆದುಕೊಳ್ಳಿ. ಎಂಟು ಮನೆಗಳನ್ನು ದಾಟುವುದೇ ಹುಡುಗಿಯ ಉದ್ದೇಶವಾಗಿದ್ದರೆ ಎರಡು ಕಾಲಿನಲ್ಲಿ ನಡೆದುಹೋಗಬಹುದಿತ್ತಲ್ಲವೆ? ಕಾಲೆರಡಿದ್ದೂ ಆಕೆ ಒಂಟಿಕಾಲಿನಲ್ಲಿ ಕುಂಟುತ್ತಾಳೆ. ಗೆರೆ ತುಳಿದರೆ ತಾನೇ ‘ಔಟು’ ಎಂದು ಒಪ್ಪಿಕೊಳ್ಳುತ್ತಾಳೆ. ಅಡ್ಡಿಯನ್ನು ತೆಗೆದುಹಾಕಿದರೆ ಆಟವೇ ಹೋಯಿತು.

ಸಿ. ತಿ ನುಯೆನ್ ಎಂಬ ಇನ್ನೊಬ್ಬ ತತ್ತ್ವಜ್ಞಾನಿ ೨೦೨೦ರಲ್ಲಿ ಬರೆದ ಪುಸ್ತಕದಲ್ಲಿ ಈ ವಿಚಾರವನ್ನು ಮುಂದುವರಿಸಿದ್ದಾರೆ. ಗೆಲುವಿಗಾಗಿ ಆಡುವವರು ಕೆಲವರು. ಹೆಣಗಾಟದ ಸುಖಕ್ಕಾಗಿ ಗೆಲುವನ್ನು ಬಯಸುವವರು ಕೆಲವರು. ಬಾಳಿನಲ್ಲಿ ಫಲಕ್ಕಾಗಿ ಯತ್ನ ಮಾಡುತ್ತೇವೆ. ಆಟದಲ್ಲಿ ಈ ಎರಡನೆಯ ಬಗೆಯವರು ಯತ್ನಕ್ಕಾಗಿ ಫಲವನ್ನು ಇಟ್ಟುಕೊಳ್ಳುತ್ತಾರೆ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಆಡುವಷ್ಟು ಹೊತ್ತು ಗೆಲ್ಲಬೇಕೆಂಬ ಆಸೆ ಪ್ರಾಮಾಣಿಕವಾಗಿರಬೇಕು. ‘ಗೆದ್ದರೇನು, ಸೋತರೇನು’ ಎಂದು ಕುಂಟುವವಳಿಗೆ ಕುಂಟುವುದರ ದಣಿವಿದೆ, ಆಟದ ಸವಿಯಿಲ್ಲ.

ನಮ್ಮ ಅಲಂಕಾರಶಾಸ್ತ್ರವನ್ನು ಓದಿದವರಿಗೆ ಇದು ಅಪರಿಚಿತವಾದ ವಿಷಯವಲ್ಲ. ಹತ್ತನೆಯ ಶತಮಾನದ ಧನಂಜಯನ ‘ದಶರೂಪಕ’ದಲ್ಲಿ ನಾಟಕದ ಕಾರ್ಯಕ್ಕೆ ಐದು ಅವಸ್ಥೆಗಳನ್ನು ಹೇಳಿದೆ: ಆರಂಭ, ಯತ್ನ, ಪ್ರಾಪ್ತ್ಯಾಶೆ, ನಿಯತಾಪ್ತಿ, ಫಲಾಗಮ. ಫಲಾಗಮವು ಐದರಲ್ಲಿ ಒಂದು. ಅದೇ ಎಲ್ಲವೂ ಅಲ್ಲ. ಆದರೆ ಉಳಿದ ನಾಲ್ಕೂ ಅದರ ಕಡೆಗೇ ಮುಖಮಾಡಿ ನಿಂತಿವೆ. ಅಣ್ಣನೂ ನಾನೂ ಆ ಪೆಟ್ಟಿಗೆಯ ಮುಂದೆ ಕಳೆದ ಕಾಲವೆಲ್ಲ ಯತ್ನ ಮತ್ತು ಪ್ರಾಪ್ತ್ಯಾಶೆಗಳ ಕಾಲ. ರಾಜಕುಮಾರಿ ಎಲ್ಲಿಯೋ ಇದ್ದಾಳೆಂಬ ನಂಬಿಕೆಯಿಲ್ಲದಿದ್ದರೆ ಆ ಕಾಲ ಅಷ್ಟು ಸೊಗಸಾಗಿರುತ್ತಿರಲಿಲ್ಲ. ಆಕೆಯನ್ನು ಕಾಣದೆ ಹೋದದ್ದರಿಂದ ಆ ಸೊಗಸು ಕೆಡಲೂ ಇಲ್ಲ.

೫. ಕೊನೆಯಲ್ಲಿಯೇ ಅರ್ಥ ಅಡಗಿದ್ದರೆ?

ಇಷ್ಟು ಹೇಳಿ ಲೇಖನಿಯನ್ನು ಕೆಳಗಿಡಬಹುದಾಗಿತ್ತು. ಆದರೆ ಎದುರು ಪಕ್ಷಕ್ಕೂ ಬಲವಾದ ವಾದವಿದೆ; ಅದನ್ನು ಮರೆಮಾಚುವುದು ನ್ಯಾಯವಲ್ಲ.

ಕುಮಾರವ್ಯಾಸನ ಭಾರತ ಗದಾಪರ್ವದವರೆಗಿನ ಹತ್ತು ಪರ್ವಗಳಿಗೆ ನಿಂತಿದೆ. ಉಳಿದ ಕಥೆಯನ್ನು ತರುವಾಯ ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದನು. ಆದರೂ ಹತ್ತು ಪರ್ವಗಳ ಗದುಗಿನ ಭಾರತವನ್ನು ಅಪೂರ್ಣವೆಂದು ಯಾರೂ ಬದಿಗಿಡಲಿಲ್ಲ. ಗಮಕಿಗಳು ಒಂದು ಸಂಧಿಯನ್ನು ವಾಚಿಸಿದರೂ ಕೇಳುವವರಿಗೆ ತೃಪ್ತಿ. ‘ಆಟಕ್ಕೂ ಇದೇ ನ್ಯಾಯ’ ಎಂದು ನಾನು ಗೆಳೆಯರ ಮುಂದೆ ವಾದಿಸಿದ್ದುಂಟು. ಆದರೆ ಈ ಹೋಲಿಕೆಯಲ್ಲಿ ಒಂದು ದೋಷವಿದೆ. ಭಾರತದ ಕೊನೆ ಕೇಳುವವನಿಗೆ ಮೊದಲೇ ಗೊತ್ತು. ಕವಿ ಹೇಳದೆ ಬಿಟ್ಟುದನ್ನು ಕೇಳುಗನ ಮನಸ್ಸು ತುಂಬಿಕೊಳ್ಳುತ್ತದೆ. ಕೊನೆ ಗೊತ್ತೇ ಇಲ್ಲದ ಕಥೆಯಲ್ಲಿ ಹಾಗಾಗದು.

೨೦೧೫ರಲ್ಲಿ ಟೋಬಿ ಫಾಕ್ಸ್ ಎಂಬವರು ಹೊರತಂದ ‘ಅಂಡರ್‌ಟೇಲ್’ ಎಂಬ ಆಟವನ್ನು ಇಲ್ಲಿ ನೆನೆಯಬೇಕು. ಭೂಮಿಯ ಕೆಳಗಿನ ರಾಕ್ಷಸಲೋಕಕ್ಕೆ ಬಿದ್ದ ಒಂದು ಮಗುವಿನ ಕಥೆಯಿದು. ಎದುರಾದ ರಾಕ್ಷಸನನ್ನು ಕೊಲ್ಲಬಹುದು; ಮಾತನಾಡಿಸಿ, ಸಮಾಧಾನಪಡಿಸಿ ಬಿಟ್ಟುಬಿಡಲೂಬಹುದು. ಕೊಂದರೆ ಆಟಗಾರನ ಲೆಕ್ಕಕ್ಕೆ ಕೆಲವು ಅಂಕಗಳು ಸೇರುತ್ತವೆ. ಬೇರೆ ಆಟಗಳಲ್ಲಿ ಆ ಅಂಕಗಳಿಗೆ ‘ಅನುಭವ’ವೆಂದು ಹೆಸರು; ಇಲ್ಲಿಯೂ ಹಾಗೆಯೇ ಇರಬೇಕೆಂದು ಆಡುವವನು ಭಾವಿಸಿರುತ್ತಾನೆ. ಆಟ ಮುಗಿಯುವ ಮುನ್ನ, ಒಂದು ಮೊಗಸಾಲೆಯಲ್ಲಿ ಒಬ್ಬ ಪಾತ್ರಧಾರಿ ಅವನನ್ನು ತಡೆದು ನಿಲ್ಲಿಸಿ, ಆ ಮೊದಲಕ್ಷರಗಳು ಅನುಭವವನ್ನಲ್ಲ, ವಧೆಯನ್ನು ಸೂಚಿಸುತ್ತವೆಂದೂ ‘ಲವ್’ ಎಂಬುದು ಪ್ರೇಮವಲ್ಲ, ಹಿಂಸೆಯ ಮಟ್ಟವೆಂದೂ ತಿಳಿಸುತ್ತಾನೆ. ಅಲ್ಲಿಯವರೆಗೆ ಮಾಡಿದ ಕೆಲಸಗಳ ಅರ್ಥವೆಲ್ಲ ಆ ಒಂದು ಕ್ಷಣದಲ್ಲಿ ತಿರುಗಿ ನಿಲ್ಲುತ್ತದೆ. ನಾನು ಕಾಲೇಜಿನ ಮೊದಲ ವರ್ಷದಲ್ಲಿ, ಗೆಳೆಯನ ಕೋಣೆಯಲ್ಲಿ, ಈ ಆಟವನ್ನಾಡಿದೆ. ನಾನು ಕೊಂದವರನ್ನು ಒಬ್ಬೊಬ್ಬರನ್ನಾಗಿ ನೆನೆದುಕೊಂಡೆ. ನಡುವೆ ಬಿಟ್ಟು ಎದ್ದಿದ್ದರೆ ಸುಖವೇನೋ ಸಿಗುತ್ತಿತ್ತು. ನಾನೇನು ಮಾಡಿದೆನೆಂಬುದು ಮಾತ್ರ ತಿಳಿಯುತ್ತಿರಲಿಲ್ಲ.

ಕೊನೆ ಕೆಟ್ಟರೆ ಹಿಂದಿನದಕ್ಕೂ ಕಹಿ ತಗಲುತ್ತದೆಯೆಂಬುದಕ್ಕೆ ‘ಮಾಸ್ ಎಫೆಕ್ಟ್’ ಎಂಬ ಮೂರು ಭಾಗಗಳ ಆಟ ಸಾಕ್ಷಿ. ೨೦೦೭ ಮತ್ತು ೨೦೧೦ರಲ್ಲಿ ಮೊದಲೆರಡು ಭಾಗಗಳು ಬಂದುವು. ಆಟಗಾರರು ತಾವು ಕೈಗೊಂಡ ತೀರ್ಮಾನಗಳನ್ನು ಒಂದು ಭಾಗದಿಂದ ಮುಂದಿನ ಭಾಗಕ್ಕೆ ಹೊತ್ತು ತಂದರು. ೨೦೧೨ರ ಮಾರ್ಚಿಯಲ್ಲಿ ಮೂರನೆಯ ಭಾಗದ ಕೊನೆಯನ್ನು ಕಂಡಾಗ ಆ ತೀರ್ಮಾನಗಳಿಗೆ ಬೆಲೆಯೇ ಬರಲಿಲ್ಲವೆಂದು ಬಹುಮಂದಿ ಸಿಟ್ಟಾದರು. ಅದೇ ವರ್ಷದ ಜೂನಿನಲ್ಲಿ ತಯಾರಕರು ಕೊನೆಯ ಭಾಗವನ್ನು ವಿಸ್ತರಿಸಿ ಬಿಟ್ಟಿಯಾಗಿ ಕೊಡಬೇಕಾಯಿತು. ಆದುದರಿಂದ, ಕಥೆಯೇ ಪ್ರಧಾನವಾದ ಆಟದಲ್ಲಿ ಕೊನೆ ಲೆಕ್ಕಕ್ಕಿಲ್ಲವೆನ್ನುವುದು ಸರಿಯಾಗದು. ಅಲ್ಲಿ ಸುಖಕ್ಕೆ ಕೊನೆ ಅನಿವಾರ್ಯವಲ್ಲದಿದ್ದರೂ, ಅರ್ಥಕ್ಕೆ ಅನಿವಾರ್ಯವಾಗಬಹುದು.

೬. ಮುಗಿಸಗೊಡದ ಆಟಗಳು

ಇನ್ನೊಂದು ಜಾತಿಯ ಆಟಗಳಿವೆ. ಇವು ನಮ್ಮ ವಿದ್ಯಾರ್ಥಿನಿಲಯಗಳಲ್ಲಿ ರಾತ್ರಿ ಹನ್ನೆರಡರವರೆಗೂ ಬೆಳಗುವ ಮೊಬೈಲುಗಳಲ್ಲಿರುವಂಥವು. ೨೦೧೨ರಲ್ಲಿ ಬಂದ ‘ಕ್ಯಾಂಡಿ ಕ್ರಷ್ ಸಾಗಾ’ ಎಂಬ ಆಟಕ್ಕೆ ಹೊಸ ಹೊಸ ಹಂತಗಳು ಸೇರುತ್ತಲೇ ಬಂದಿವೆ. ಆಟಗಾರನಿಗೆ ಐದು ಜೀವಗಳು. ಕಳೆದುಕೊಂಡ ಒಂದೊಂದು ಜೀವವೂ ಮರಳಿ ಬರಲು ಅರ್ಧ ಗಂಟೆ ಕಾಯಬೇಕು. ಕಾಯಲಾರದವನು ಹಣ ತೆರಬಹುದು.

ಇದರ ಬಲ ಎಲ್ಲಿದೆಯೆಂಬುದನ್ನು ಮನಶ್ಶಾಸ್ತ್ರದಿಂದ ಸ್ವಲ್ಪ ಊಹಿಸಬಹುದು. ಬರ್ಲಿನ್ನಿನಲ್ಲಿ ಅಭ್ಯಾಸ ಮಾಡುತ್ತಿದ್ದ ಬ್ಲೂಮಾ ಜೈಗಾರ್ನಿಕ್ ಎಂಬಾಕೆ ೧೯೨೭ರಲ್ಲಿ ತಮ್ಮ ಪ್ರಯೋಗಗಳನ್ನು ಪ್ರಕಟಿಸಿದರು. ಜನರಿಗೆ ಹಲವು ಸಣ್ಣ ಕೆಲಸಗಳನ್ನು ಕೊಟ್ಟು, ಕೆಲವನ್ನು ಮುಗಿಸಲು ಬಿಟ್ಟು, ಕೆಲವನ್ನು ನಡುವೆ ತಡೆದರು. ತರುವಾಯ ಕೇಳಿದಾಗ, ಮುಗಿಸಿದವುಗಳಿಗಿಂತ ತಡೆದವುಗಳೇ ಹೆಚ್ಚಾಗಿ ನೆನಪಿನಲ್ಲಿದ್ದುವು. ಮುಂದೆ ಇತರರು ನಡೆಸಿದ ಪ್ರಯೋಗಗಳಲ್ಲೆಲ್ಲ ಇದೇ ಫಲ ಬರಲಿಲ್ಲ ನಿಜ. ಆದರೂ ಅರ್ಧಕ್ಕೆ ನಿಂತದ್ದು ಮನಸ್ಸನ್ನು ಕಾಡುವುದು ನಮ್ಮೆಲ್ಲರ ಅನುಭವ. ಆ ಕಾಟವನ್ನು ಕೆಲವರು ವ್ಯಾಪಾರವಾಗಿ ಮಾಡಿಕೊಂಡಿದ್ದಾರೆ. ೨೦೦೫ರಲ್ಲಿ ‘ಎಕ್ಸ್‌ಬಾಕ್ಸ್ ೩೬೦’ ಯಂತ್ರದಲ್ಲಿಯೂ ೨೦೦೮ರಲ್ಲಿ ‘ಪ್ಲೇಸ್ಟೇಷನ್ ೩’ ಯಂತ್ರದಲ್ಲಿಯೂ ಆಟದೊಳಗಿನ ಸಣ್ಣಪುಟ್ಟ ಸಾಧನೆಗಳಿಗೆ ಪದಕಗಳನ್ನು ಕೊಡುವ ಪದ್ಧತಿ ಬಂದಿತು. ಇದರಿಂದ ಆಟದ ಮೂಲೆಮೂಲೆಯನ್ನು ನೋಡಲು ಕೆಲವರಿಗೆ ಹುರುಪು ಬಂದುದುಂಟು. ಆದರೆ ಬೇಸರಪಡುತ್ತಲೇ, ಪಟ್ಟಿಯಲ್ಲಿ ಒಂದು ಉಳಿಯಿತಲ್ಲ ಎಂದು ಕುಳಿತು ಆಡುವವರನ್ನೂ ನಾನು ಬಲ್ಲೆ. ಸುಖ ಮುಗಿದ ಮೇಲೂ ಆಟ ಮುಗಿಯಲಿಲ್ಲವೆಂದು ಆಡುವವನನ್ನು ಆಟಗಾರನೆನ್ನುವುದಕ್ಕಿಂತ ಕೂಲಿಯಾಳು ಎನ್ನುವುದು ಮೇಲು. ಕೂಲಿಯೂ ದಕ್ಕದ ಆಳು.

೭. ಉಪಸಂಹಾರ

ಮೇಲಿನ ವಿಚಾರದಿಂದ ನನಗೆ ತೋರಿದ್ದನ್ನು ಸಂಗ್ರಹವಾಗಿ ಹೇಳುತ್ತೇನೆ. ಆಟಕ್ಕೆ ಗುರಿ ಬೇಕು, ಗುರಿಯನ್ನು ಮುಟ್ಟಲೇಬೇಕೆಂದಿಲ್ಲ. ಕಥೆಯನ್ನು ಹೇಳುವ ಆಟವಾದರೆ, ಅದು ಹೇಳಹೊರಟ ಮಾತನ್ನು ಪೂರ್ತಿ ಕೇಳಿ ಎದ್ದರೆ ಒಳ್ಳೆಯದು. ನಡುವೆ ಬಿಡುವವನು ತಾನೇಕೆ ಬಿಡುತ್ತಿದ್ದೇನೆಂದು ತನ್ನನ್ನು ಕೇಳಿಕೊಳ್ಳಬೇಕು. ಹೊಟ್ಟೆ ತುಂಬಿ ಏಳುವುದು ಒಂದು. ಕಹಿಗೆ ಹೆದರಿ ಏಳುವುದು ಇನ್ನೊಂದು. ಈ ಅಳತೆಯಿಂದ ನೋಡಿದರೆ ಅಪ್ಪನ ಮಾತು ಪೂರ್ತಿ ಸುಳ್ಳಲ್ಲ. ವಿಜ್ಞಾನವನ್ನು ಬಿಟ್ಟದ್ದು ನನ್ನ ಒಲವು ಬೇರೆಯೆಂದು ತಿಳಿದು. ತಬಲವನ್ನು ಬಿಟ್ಟದ್ದು ಮಾತ್ರ ಬೆರಳು ನೋಯುತ್ತದೆಂದು. ಅದಕ್ಕೆ ಯಾವ ತತ್ತ್ವಜ್ಞಾನಿಯ ಬೆಂಬಲವೂ ನನಗಿಲ್ಲ. ಮಾರಿಯೋ ಆಟವನ್ನಾದರೋ ನಾವು ಬಿಟ್ಟಿರಲೇ ಇಲ್ಲ. ಅದು ನಮ್ಮಿಬ್ಬರ ನಡುವೆ ಸುಮ್ಮನೆ ನಿಂತಿತ್ತು.

ಈ ಸಲ ಯುಗಾದಿಗೆ ಅಣ್ಣ ಊರಿಗೆ ಬಂದಿದ್ದ. ಅಟ್ಟದಿಂದ ಪೆಟ್ಟಿಗೆಯನ್ನಿಳಿಸಿ, ತುಂಡಾದ ತಂತಿಗೆ ಬೆಸುಗೆ ಹಾಕಿ, ಕ್ಯಾಸೆಟ್ಟಿನೊಳಗೆ ಎರಡು ಸಲ ಊದಿ ಸಿಕ್ಕಿಸಿದ. ಆಟ ಬಂದಿತು. ಮೊದಲ ಹಂತದಿಂದ ಆರಂಭಿಸಿ, ಕಳ್ಳದಾರಿ ಹಿಡಿಯದೆ, ಮರುದಿನ ರಾತ್ರಿಯ ಹೊತ್ತಿಗೆ ಕೊನೆಯ ಕೋಟೆಯನ್ನು ಸೇರಿದೆವು. ಯಾವ ಕೊಳವೆಯನ್ನು ಹೊಗಬೇಕೆಂಬುದು ನನಗೀಗ ಗೊತ್ತಿತ್ತು. ಬಾಯಿ ತೆರೆಯುವಷ್ಟರಲ್ಲಿ ಅಣ್ಣ, “ಹೇಳಬೇಡ, ನಾನೇ ಹುಡುಕುತ್ತೇನೆ” ಎಂದ. ಹುಡುಕುತ್ತಿರುವಾಗಲೇ ಅಮ್ಮ ಊಟಕ್ಕೆ ಕರೆದರು. ಆಟವನ್ನು ತಡೆದು ನಿಲ್ಲಿಸಿ, ಟಿ.ವಿ.ಯನ್ನಾರಿಸಿ ಎದ್ದೆವು. ಬೆಳಗ್ಗೆ ಆರು ಗಂಟೆಯ ಬಸ್ಸಿಗೆ ಅವನು ಹೊರಟುಹೋದ.

ಅವನನ್ನು ಬಸ್ಸು ಹತ್ತಿಸಿ ಬಂದು ನೋಡಿದರೆ ಪೆಟ್ಟಿಗೆಯ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಅಪ್ಪ ಅದನ್ನು ನೋಡಿ, “ಇನ್ನೂ ಮುಗಿದಿಲ್ಲವೇನೋ?” ಎಂದು ಕೇಳಿದರು. “ಇಲ್ಲಪ್ಪ” ಎಂದೆ. ಅವರು ಅದನ್ನು ಆರಿಸಲಿಲ್ಲ, ನಾನೂ ಆರಿಸಲಿಲ್ಲ. ಮಧ್ಯಾಹ್ನ ಕರೆಂಟು ಹೋಗುವವರೆಗೂ ಅದು ಹಾಗೆಯೇ ಇತ್ತು.